ಹೊಳೆ, ತೋಟ, ಬಿಸಿಲು ಬಿಡಿಸುತ್ತಿದ್ದ ಕಲಾವಿದರು ಅರಾಜಕವಾದಿ ಪತ್ರಿಕೆಗಳಿಗೆ ಬಿಡಿಸಿದ್ದು ಯಾರಿಗಾಗಿ?

ಕಾಗದದೋಣಿ (ಚರ್ಚೆ ಆರಂಭಿಸಿದವರು)

ಎಲ್ಲರಿಗೂ ನಮಸ್ಕಾರ. ಫ್ರೆಂಚ್ ಚಿತ್ರಕಾರ ಪಾಲ್ ಸಿನ್ಯಾಕ್ ಎಂದೊಡನೆ ನನಗೆ ನೆನಪಾಗುತ್ತಿದ್ದದ್ದು ಚುಕ್ಕಿ ಚುಕ್ಕಿ ಬಣ್ಣದ ಬಂದರುಗಳು, ಹಾಯಿದೋಣಿಗಳು. ಕಳೆದ ವಾರ ಹಳೆಯ ಕಲಾಪುಸ್ತಕವೊಂದರಲ್ಲಿ ಆತನದೇ ಕಪ್ಪು ಬಿಳುಪಿನ ಕಲ್ಲಚ್ಚು (ಕಲ್ಲಿನ ಮೇಲೆ ಬಿಡಿಸಿ ಹಾಳೆಗೆ ತೆಗೆದ ಚಿತ್ರ) ಕಣ್ಣಿಗೆ ಬಿತ್ತು. 'ಕೆಡವುವವರು' ಎಂಬ ಅರ್ಥದ ಹೆಸರು, 1896ನೆಯ ಇಸವಿ. ಮುಂದುಗಡೆ ಕೂಲಿಯವನೊಬ್ಬ ಪಿಕಾಸಿ ಹಿಡಿದು ಗೋಡೆ ಒಡೆಯುತ್ತಿದ್ದಾನೆ. ಬಣ್ಣವಿಲ್ಲ, ನೀರಿಲ್ಲ, ದೋಣಿಯಿಲ್ಲ. ಅದನ್ನು 'ಲೆ ತಾಂ ನೂವೋ', ಅಂದರೆ 'ಹೊಸ ಕಾಲ', ಎಂಬ ಅರಾಜಕವಾದಿ (ಸರ್ಕಾರ, ಅಧಿಕಾರಗಳೇ ಬೇಡವೆನ್ನುವವರ) ವಾರಪತ್ರಿಕೆಗಾಗಿ ಬಿಡಿಸಿದ್ದಂತೆ.

ಆ ಪುಟ ತಿರುವಿ ಮುಂದೆ ಹೋಗುವುದು ನನ್ನಿಂದಾಗಲಿಲ್ಲ. ಕಮೀಲ್ ಪಿಸಾರೋ, ಮ್ಯಾಕ್ಸಿಮಿಲಿಯನ್ ಲ್ಯೂಸ್, ಸ್ಟೈನ್ಲೆನ್, ವಲೊತ್ತೋಂ ಇವರೆಲ್ಲ ಆ ಕಾಲದ ಇಂತಹ ಪತ್ರಿಕೆಗಳಿಗೆ ಚಿತ್ರ ಕೊಟ್ಟವರೇ ಎಂದು ಅಲ್ಲಿ ಓದಿದೆ. ನನ್ನ ಪ್ರಶ್ನೆಗಳು ಎರಡು. ಹೀಗೆ ಒಂದು ಪಕ್ಷದ ಮಾತಿಗೆ ಚಿತ್ರ ಬಿಡಿಸುವಾಗ ಅವರ ಕಲೆ ಕುಗ್ಗಲಿಲ್ಲವೇ? ಮತ್ತು ಯಾವ ಕೂಲಿಯವನ ಪರವಾಗಿ ಇದನ್ನು ಬಿಡಿಸಿದರೋ ಆ ಕೂಲಿಯವನ ಕೈಗೆ ಈ ಹಾಳೆ ಎಂದಾದರೂ ತಲುಪಿತೇ? ತಿಳಿದವರು ದಯವಿಟ್ಟು ಬರೆಯಿರಿ.

ಹಳೆಪುಸ್ತಕ

ಒಳ್ಳೆಯ ಪ್ರಶ್ನೆ. ಮೊದಲು ಒಂದು ಸಣ್ಣ ತಿದ್ದುಪಡಿ. ಆ ಕಲ್ಲಚ್ಚುಗಳು ಪತ್ರಿಕೆಯ ಪುಟದೊಳಗೆ ಅಚ್ಚಾದವಲ್ಲ. ಅವನ್ನು ಬಿಡಿ ಹಾಳೆಗಳಾಗಿ ಮುದ್ರಿಸಿ, ಪತ್ರಿಕೆಯ ಖರ್ಚು ಹುಟ್ಟಿಸುವುದಕ್ಕೆಂದು ಪ್ರತ್ಯೇಕವಾಗಿ ಮಾರುತ್ತಿದ್ದರು. ಅದೇ ಮಾಲೆಯಲ್ಲಿ ಪಿಸಾರೋ ಬಿಡಿಸಿದ ಸೌದೆ ಹೊರುವ ಹೆಂಗಸರು ಇದ್ದಾರೆ, ಸೂರಿಲ್ಲದೆ ದಾರಿಯಲ್ಲಿ ನಡೆಯುವ ಒಂದು ಸಂಸಾರವೂ ಇದೆ.

ಪತ್ರಿಕೆಯ ಸಂಪಾದಕ ಜಾಂ ಗ್ರಾವ್, 1854ರಲ್ಲಿ ಹುಟ್ಟಿದವನು, ಕಲಿತ ಕಸುಬು ಬೂಟು ಹೊಲಿಯುವುದು. 1879ರಲ್ಲಿ ರಷ್ಯಾದ ಅರಾಜಕವಾದಿ ಚಿಂತಕ ಕ್ರೊಪಾಟ್ಕಿನ್ ಜಿನೀವಾದಲ್ಲಿ ಆರಂಭಿಸಿದ 'ಲ ರೆವೋಲ್ತೆ' ಎಂಬ ಪತ್ರಿಕೆಯನ್ನು ಈತ ವಹಿಸಿಕೊಂಡು, 1885ರಲ್ಲಿ ಪ್ಯಾರಿಸಿಗೆ ತಂದ. ಅದು 1887ರಲ್ಲಿ 'ಲಾ ರೆವೋಲ್ತ್' ಆಯಿತು, 1894ರಲ್ಲಿ ಸರ್ಕಾರದ ದಮನಕ್ಕೆ ಸಿಕ್ಕಿ ನಿಂತಿತು, 1895ರಲ್ಲಿ 'ಲೆ ತಾಂ ನೂವೋ' ಎಂಬ ಹೆಸರಿನಲ್ಲಿ ಮತ್ತೆ ಎದ್ದು 1914ರ ಯುದ್ಧದವರೆಗೂ ನಡೆಯಿತು. ಮೂಫ್ತಾರ್ ಬೀದಿಯ 140ನೆಯ ಮನೆಯ ಅಟ್ಟದ ಕೋಣೆಯೇ ಕಚೇರಿ. ಸಾಲ ಏರಿದಾಗಲೆಲ್ಲ ಕಲಾವಿದರು ಕೊಟ್ಟ ಚಿತ್ರಗಳನ್ನು ಲಾಟರಿಗೆ ಇಟ್ಟು ಹಣ ಎತ್ತುತ್ತಿದ್ದರು. ಪಿಸಾರೋ ತನ್ನ ಮನೆಯಲ್ಲೇ ಹಣಕ್ಕೆ ತಾಪತ್ರಯವಿದ್ದ ಕಾಲದಲ್ಲೂ ಈ ಪತ್ರಿಕೆಗೆ ನೆರವಾದವನು.

ನೇಸರ

ಪಿಸಾರೋನ 'ಸಾಮಾಜಿಕ ಹೇಸಿಗೆಗಳು' ಚಿತ್ರಮಾಲೆಯೂ ಇದೇ ಪತ್ರಿಕೆಯಲ್ಲಿ ಬಂದದ್ದಲ್ಲವೇ?

ಹಳೆಪುಸ್ತಕ

ಇಲ್ಲ. ಅದು ಅವನ ಜೀವಮಾನದಲ್ಲಿ ಎಲ್ಲಿಯೂ ಅಚ್ಚಾಗಲಿಲ್ಲ. 1889-90ರಲ್ಲಿ ಲಂಡನ್ನಿನಲ್ಲಿದ್ದ ತನ್ನ ಸೋದರ ಸಂಬಂಧದ ಇಬ್ಬರು ಹೆಣ್ಣುಮಕ್ಕಳಿಗೆಂದು ಲೇಖನಿಯಿಂದ ಬಿಡಿಸಿ ಕಳುಹಿಸಿದ 28 ಚಿತ್ರಗಳ ಪುಸ್ತಕ ಅದು. ಆದರೆ ನಿಮ್ಮ ಊಹೆಯಲ್ಲಿ ಹುರುಳಿಲ್ಲದೆ ಇಲ್ಲ, ಏಕೆಂದರೆ ಚಿತ್ರಗಳ ಜೊತೆ ಕೊಟ್ಟಿರುವ ಬರಹದಲ್ಲಿ 'ಲಾ ರೆವೋಲ್ತ್' ಪತ್ರಿಕೆಯಿಂದ ಎತ್ತಿಕೊಂಡ ಸಾಲುಗಳಿವೆ. ಅಂದರೆ ಪತ್ರಿಕೆಯನ್ನು ಓದಿದವನ ಚಿತ್ರಗಳೇ ಹೊರತು ಪತ್ರಿಕೆಗೆ ಕೊಟ್ಟ ಚಿತ್ರಗಳಲ್ಲ.

ಮೊದಲ ಹಾಳೆಯನ್ನು ಗಮನಿಸಿ ನೋಡಬೇಕು. ಮುದುಕನೊಬ್ಬ ಎತ್ತರದಲ್ಲಿ ಕುಳಿತು ಪ್ಯಾರಿಸ್ ನಗರವನ್ನು ನೋಡುತ್ತಿದ್ದಾನೆ, ಪಕ್ಕದಲ್ಲಿ ಮರಳು ಗಡಿಯಾರ. ಆಚೆ ಸೂರ್ಯ ಏಳುತ್ತಿದ್ದಾನೆ, ಕಿರಣಗಳ ನಡುವೆ 'ಅನಾರ್ಕಿ' ಎಂಬ ಅಕ್ಷರಗಳು. 1889ರಲ್ಲಷ್ಟೇ ತೆರೆದ ಐಫೆಲ್ ಗೋಪುರವೂ ಅಲ್ಲಿದೆ, ಆದರೆ ಸೂರ್ಯನನ್ನು ಮರೆಮಾಡುವಷ್ಟು ಎತ್ತರ ಅದಕ್ಕಿಲ್ಲ. ಇಡೀ ದೇಶ ಆ ಗೋಪುರವನ್ನು ಹೊಗಳುತ್ತಿದ್ದ ವರ್ಷದಲ್ಲಿ ಅದನ್ನು ಹಾಗೆ ಗಿಡ್ಡಗೆ ಬಿಡಿಸಿದ್ದನ್ನು ನಾನು ಪಿಸಾರೋನ ಅತ್ಯಂತ ಧೈರ್ಯದ ಗೆರೆ ಎಂದು ಭಾವಿಸುತ್ತೇನೆ.

ಬಳ್ಳಾರಿಬಿಸಿಲು

ಗೌರವದಿಂದಲೇ ಭಿನ್ನಾಭಿಪ್ರಾಯ ಹೇಳುತ್ತೇನೆ. ಸೂರ್ಯನ ಮೇಲೆ ಅಕ್ಷರ ಬರೆಯಬೇಕಾಗಿ ಬಂತು ಎಂದರೆ ಸೂರ್ಯನನ್ನು ಬಿಡಿಸಿದ್ದು ಸಾಲದಾಯಿತು ಎಂದೇ ಅರ್ಥ. ಪಿಸಾರೋನ ತೋಟದಲ್ಲಿ ಕೆಲಸ ಮಾಡುವ ಹೆಂಗಸು ಒಂದು ಮಾತನ್ನೂ ಆಡದೆ ದುಡಿಮೆಯ ಘನತೆಯನ್ನು ಹೇಳುತ್ತಾಳೆ. ಗೋಡೆ ಒಡೆಯುವ ಕೂಲಿ, ಹಿಂದೆ ಬೆಳಗು, ಕಡಿದ ಸರಪಳಿ, ಇವೆಲ್ಲ ಮೂರನೆಯ ಸಲ ನೋಡುವ ಹೊತ್ತಿಗೆ ಸವೆದ ನಾಣ್ಯಗಳಾಗುತ್ತವೆ. ಹೇಳಬೇಕಾದದ್ದನ್ನು ಮೊದಲೇ ನಿಶ್ಚಯಿಸಿಕೊಂಡು ಬಿಡಿಸಿದ ಚಿತ್ರಕ್ಕೆ ಆಯುಸ್ಸು ಕಡಿಮೆ ಎಂಬುದು ನನ್ನ ಖಚಿತ ಅಭಿಪ್ರಾಯ.

ತುಂಗಾತೀರ

ಇದೇ ಜಗಳವನ್ನು ಅವರೇ ಆಡಿ ಮುಗಿಸಿದ್ದಾರೆ. 1891ರ ಜೂನ್ 13ರ 'ಲಾ ರೆವೋಲ್ತ್' ಸಂಚಿಕೆಯಲ್ಲಿ ಸಿನ್ಯಾಕ್ ತನ್ನ ಹೆಸರು ಹಾಕದೆ, ಇಂಪ್ರೆಷನಿಸ್ಟ್ ಸಂಗಾತಿಯೊಬ್ಬ ಎಂದು ಮಾತ್ರ ಹೇಳಿಕೊಂಡು, ಒಂದು ಲೇಖನ ಬರೆದ. ವಿಷಯವನ್ನು ಹೊರಗಿನಿಂದ ಹೇರಿಸಿಕೊಳ್ಳದ, ನೋಡುವ ಬಗೆಯನ್ನೇ ಬದಲಿಸುವ ಚಿತ್ರಕಲೆಯೂ ಹಳೆಯ ವ್ಯವಸ್ಥೆಗೆ ಕೊಡುವ ಪೆಟ್ಟೇ ಎಂಬುದು ಅದರ ತಿರುಳು. ಬಳ್ಳಾರಿಬಿಸಿಲು ಅವರೇ, ಅಂದರೆ ನಿಮ್ಮ ವಾದವನ್ನು ಸಿನ್ಯಾಕ್ ಆ ಪತ್ರಿಕೆಯ ಪುಟದಲ್ಲೇ ಮಂಡಿಸಿದ್ದ, ಸಂಪಾದಕ ಅದನ್ನು ಅಚ್ಚು ಹಾಕಿದ್ದ. ಹಾಗೆ ಬರೆದವನೇ ಐದು ವರ್ಷದ ನಂತರ ಪಿಕಾಸಿ ಹಿಡಿದ ಕೂಲಿಯನ್ನೂ ಬಿಡಿಸಿ ಕೊಟ್ಟ. ಎರಡೂ ಅವನಿಗೆ ಬೇಕಾಗಿದ್ದವು. ಆತನ ದೊಡ್ಡ ಚಿತ್ರ 'ಸಾಮರಸ್ಯದ ಕಾಲದಲ್ಲಿ' ಮೊದಲು 'ಅರಾಜಕತೆಯ ಕಾಲದಲ್ಲಿ' ಎಂಬ ಹೆಸರಿನದಾಗಿತ್ತು. ಈಗ ಅದು ಮೊಂತ್ರೆಯ್ ಪುರಭವನದಲ್ಲಿದೆ.

ಕಲ್ಲಿನಮೇಲೆ

ಕಲಾಶಾಲೆಯಲ್ಲಿ ಎರಡು ವರ್ಷ ಕಲ್ಲಚ್ಚು ಕಲಿತವಳಾಗಿ ಒಂದು ಮಾತು ಸೇರಿಸುತ್ತೇನೆ. 'ಕುಗ್ಗಿತೇ' ಎಂಬ ಪ್ರಶ್ನೆ ಕೇಳುವಾಗ ನಾವು ಕೈಯ ಕೆಲಸವನ್ನು ಮರೆಯುತ್ತೇವೆ.

ಸುಣ್ಣದಕಲ್ಲಿನ ದಪ್ಪ ಹಾಸನ್ನು ಮೊದಲು ಪುಡಿ, ನೀರು ಹಾಕಿ ಇನ್ನೊಂದು ಕಲ್ಲಿನಿಂದ ಸುತ್ತ ಸುತ್ತ ಉಜ್ಜಬೇಕು. ರಟ್ಟೆ ಬಿದ್ದುಹೋಗುತ್ತದೆ. ಆಮೇಲೆ ಜಿಡ್ಡಿನ ಬಳಪದಿಂದ ಬಿಡಿಸಬೇಕು. ಆ ಕಲ್ಲು ಎಷ್ಟು ಸೂಕ್ಷ್ಮವೆಂದರೆ ಬಿಡಿಸುವಾಗ ಅಂಗೈ ತಾಗಿದರೂ ಕೈಯ ಜಿಡ್ಡು ಹಿಡಿದು, ಅಚ್ಚು ತೆಗೆದಾಗ ಅಲ್ಲೊಂದು ಬೂದು ಕಲೆ ಏಳುತ್ತದೆ. ಗೋಂದು, ಆಮ್ಲ ಸವರಿ, ಸ್ಪಂಜಿನಿಂದ ನೀರು ಹಚ್ಚಿ, ಮಸಿಯ ಉರುಳೆ ಎಳೆದರೆ ಜಿಡ್ಡು ಇದ್ದಲ್ಲಿ ಮಾತ್ರ ಮಸಿ ಕೂರುತ್ತದೆ. ನೇರವಾಗಿ ಕಲ್ಲಿನ ಮೇಲೆ ಬಿಡಿಸಿದ ಚಿತ್ರ ಹಾಳೆಯಲ್ಲಿ ಎಡಬಲ ತಿರುಗಿ ಬರುತ್ತದೆ.

ಬಣ್ಣದ ಚುಕ್ಕಿಗಳ ನಡುವೆ ಬೆಳಕು ಹುಟ್ಟಿಸುತ್ತಿದ್ದವನು ಇಲ್ಲಿ ಕಲ್ಲಿನ ತರಿಯನ್ನೇ ಚುಕ್ಕಿಯಾಗಿ ಬಳಸಿಕೊಳ್ಳಬೇಕು, ಬೆಳಕಿಗೆ ಹಾಳೆಯ ಬಿಳುಪನ್ನು ಬಿಟ್ಟರೆ ಬೇರೆ ಗತಿಯಿಲ್ಲ. ಇದು ಕುಗ್ಗುವಿಕೆಯಲ್ಲ, ಬೇರೆ ಶಿಸ್ತು. ಬಡವನ ಗೋಡೆಗೆ ಹೋಗುವ ಹಾಳೆ ಎಂದು ಅವರು ಕೈ ಸಡಿಲ ಬಿಟ್ಟಿರಲಿಲ್ಲ ಎಂಬುದು ಆ ಕಪ್ಪನ್ನು ನೋಡಿದರೆ ನನಗೆ ಸ್ಪಷ್ಟವಾಗುತ್ತದೆ.

ಮೊಳೆಜೋಡಣೆ

ಕಲ್ಲಿನಮೇಲೆ ಅವರ ಮಾತು ಓದಿ ಮನಸ್ಸು ತುಂಬಿತು. ನನ್ನ ತಂದೆ ಮೂವತ್ತು ವರ್ಷ ಟ್ರೆಡಲ್ ಪ್ರೆಸ್ ನಡೆಸಿದವರು. ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ'ವೂ 1843ರಲ್ಲಿ ಕಲ್ಲಚ್ಚಿನಲ್ಲೇ ಬಂದದ್ದು ಎಂದು ಅವರು ಪ್ರೆಸ್ಸಿಗೆ ಬಂದವರಿಗೆಲ್ಲ ಹೇಳುತ್ತಿದ್ದರು.

ಆದರೆ ವಾರವಾರ ಬರುವ ಅಗ್ಗದ ಪತ್ರಿಕೆಗೆ ಕಲ್ಲಚ್ಚು ಹೊಂದುವುದಿಲ್ಲ, ಏಕೆಂದರೆ ಅಕ್ಷರ ಒಂದು ಯಂತ್ರ, ಚಿತ್ರ ಇನ್ನೊಂದು ಯಂತ್ರ ಎಂದಾಗುತ್ತದೆ. ಅಲ್ಲಿ ಬೇಕಾದದ್ದು ಸತುವಿನ ಬ್ಲಾಕ್. ಕಲಾವಿದನ ಗೆರೆಯನ್ನು ಸತುವಿನ ತಗಡಿಗೆ ಇಳಿಸಿ, ಆಮ್ಲದಲ್ಲಿ ಕೊರೆದು, ಉಬ್ಬಿದ ಗೆರೆಯನ್ನು ಅಕ್ಷರದ ಮೊಳೆಗಳ ಜೊತೆಗೇ ಚೌಕಟ್ಟಿನಲ್ಲಿ ಬಿಗಿದರೆ ಒಂದೇ ಏಟಿಗೆ ಎರಡೂ ಅಚ್ಚಾಗುತ್ತವೆ. ಎಮಿಲ್ ಪೂಝೆಯ 'ಲ ಪೇರ್ ಪೆನಾರ್' ಪತ್ರಿಕೆಗೆ ಲ್ಯೂಸ್ ಬಿಡಿಸಿದ ಚಿತ್ರಗಳು ಈ ಬಗೆಯವು. ಅದಕ್ಕೇ ಗೆರೆ ದಪ್ಪ, ನೆರಳು ಕಡಿಮೆ. ಕಾಗದದೋಣಿ ಅವರ ಎರಡನೆಯ ಪ್ರಶ್ನೆಗೆ ಉತ್ತರ ಇಲ್ಲಿದೆ ಎನಿಸುತ್ತದೆ. ಕೂಲಿಯವನ ಕೈಗೆ ತಲುಪಿದ ಚಿತ್ರ ಬೇಕಾದರೆ ಪೂಝೆಯ ಪತ್ರಿಕೆಯಲ್ಲಿ ಹುಡುಕಿ, ಗ್ರಾವ್‌ನ ಬಿಡಿ ಹಾಳೆಗಳಲ್ಲಿ ಅಲ್ಲ.

ತುಂಗಾತೀರ

ಈ ಮಾತನ್ನು ಬಲವಾಗಿ ಅನುಮೋದಿಸುತ್ತೇನೆ. ಇವರಿಬ್ಬರ ನಡುವೆ ಒಂದು ಸೋಜಿಗವೂ ಇದೆ. ನಿಜವಾಗಿ ಬೂಟು ಹೊಲಿಯುತ್ತಿದ್ದ ಗ್ರಾವ್ ಬರೆದದ್ದು ಗಂಭೀರವಾದ ಗ್ರಂಥಭಾಷೆ. ಆತನ ಕಟ್ಟುನಿಟ್ಟಿಗೆ 'ಮೂಫ್ತಾರ್ ಬೀದಿಯ ಪೋಪ್' ಎಂಬ ಅಡ್ಡಹೆಸರೇ ಬಿದ್ದಿತ್ತು. ನೋಟರಿಯ ಮಗನಾಗಿ ಹುಟ್ಟಿ, ಬಟ್ಟೆ ಅಂಗಡಿಯಲ್ಲಿ ಗುಮಾಸ್ತನಾಗಿದ್ದ ಪೂಝೆ 1889ರಲ್ಲಿ ತನ್ನ ಪತ್ರಿಕೆ ತೆಗೆದಾಗ, ಅದನ್ನು ಪೆನಾರ್ ಎಂಬ ಬೂಟು ಹೊಲಿಯುವ ಮುದುಕನ ಬಾಯಲ್ಲಿ, ಪ್ಯಾರಿಸಿನ ಬೀದಿಯ ಬೈಗುಳ, ಗಾದೆ, ಅಡ್ಡಮಾತುಗಳಲ್ಲಿ ಬರೆದ. ಓದಿದರೆ ಕಿವಿಯಲ್ಲಿ ಕೇಳುವ ಭಾಷೆ. ಕಾರ್ಖಾನೆಯ ಊಟದ ಬಿಡುವಿನಲ್ಲಿ ಒಬ್ಬ ಓದಿ ನಾಲ್ವರು ಕೇಳುವುದಕ್ಕೆ ಹೇಳಿ ಮಾಡಿಸಿದ ಬರವಣಿಗೆ.

ಬಳ್ಳಾರಿಬಿಸಿಲು

ಆದರೆ ಅದೇ ಪತ್ರಿಕೆ ರವಶೋಲ್‌ನಂತಹ ಬಾಂಬು ಇಟ್ಟವನನ್ನು ಹೊಗಳಿತ್ತು ಎಂಬುದನ್ನು ಮರೆತು ಭಾಷೆಯ ಸೊಗಸನ್ನಷ್ಟೇ ಮಾತಾಡುವುದು ಸರಿಯಲ್ಲ. 1893ರ ಡಿಸೆಂಬರಿನಲ್ಲಿ ವಾಯಾಂ ಎಂಬವನು ಸಂಸತ್ತಿನೊಳಗೆ ಬಾಂಬು ಎಸೆದಾಗ ಕವಿ ಲೋರಾಂ ತಾಯಾದ್ ಆ ಕೃತ್ಯವನ್ನು ಮೆಚ್ಚಿ ಮಾತಾಡಿದ. 1894ರ ಏಪ್ರಿಲಿನಲ್ಲಿ ಫೊಯೋ ಎಂಬ ಹೋಟೆಲಿನಲ್ಲಿ ಸಿಡಿದ ಬಾಂಬಿಗೆ ಅದೇ ಕವಿಯ ಒಂದು ಕಣ್ಣು ಹೋಯಿತು. ಸುಂದರವಾದ ಮಾತು ಮತ್ತು ಸೀಳಿದ ಮುಖ, ಎರಡರ ನಡುವೆ ಬರೀ ನಾಲ್ಕು ತಿಂಗಳ ಅಂತರ. ಇದನ್ನು ಬದಿಗಿಟ್ಟು ನಾನು ಆ ಹಾಳೆಗಳನ್ನು ನೋಡಲಾರೆ.

ಹಳೆಪುಸ್ತಕ

ಬದಿಗಿಡಬಾರದು, ಒಪ್ಪುತ್ತೇನೆ. ಹಾಗೆಯೇ ಆ ಬಾಂಬುಗಳ ಹೆಸರಿನಲ್ಲಿ ಯಾರನ್ನು ಹಿಡಿದರು ಎಂಬುದನ್ನೂ ಬದಿಗಿಡಬಾರದು. 1893ರ ಡಿಸೆಂಬರಿನಿಂದ 1894ರ ಜುಲೈವರೆಗೆ ತಂದ ಮೂರು ಕಾಯಿದೆಗಳನ್ನು ಫ್ರೆಂಚರು ಇಂದಿಗೂ 'ನೀಚ ಕಾನೂನುಗಳು' ಎಂದೇ ಕರೆಯುತ್ತಾರೆ. ಒಂದು ಪುಸ್ತಕ ಬರೆದದ್ದಕ್ಕೆ ಗ್ರಾವ್‌ಗೆ ಎರಡು ವರ್ಷದ ಶಿಕ್ಷೆಯಾಯಿತು. ಅದಕ್ಕೆ ಮುನ್ನುಡಿ ಬರೆದಿದ್ದ ಕಾದಂಬರಿಕಾರ ಮಿರ್ಬೋ ನ್ಯಾಯಾಲಯದಲ್ಲಿ ಆತನ ಪರವಾಗಿ ನಿಂತ. 1894ರ ಆಗಸ್ಟಿನ 'ಮೂವತ್ತು ಮಂದಿಯ ವಿಚಾರಣೆ'ಯಲ್ಲಿ ಯುದ್ಧಖಾತೆಯ ಗುಮಾಸ್ತನೂ ಕಲಾವಿಮರ್ಶಕನೂ ಆಗಿದ್ದ ಫೆಲಿಕ್ಸ್ ಫೆನೆಓಂ ಕಟಕಟೆಯಲ್ಲಿದ್ದ, ಕವಿ ಮಲಾರ್ಮೆ ಬಂದು ಸಾಕ್ಷಿ ಹೇಳಿದ. ಬರಹಗಾರರೂ ಚಿಂತಕರೂ ಬಿಡುಗಡೆಯಾದರು, ಕಳ್ಳತನದ ಗುಂಪಿನ ಮೂವರು ಮಾತ್ರ ಶಿಕ್ಷೆಗೊಳಗಾದರು. ಪಿಸಾರೋ ಬೆಲ್ಜಿಯಮ್ಮಿನಲ್ಲಿ ತಲೆಮರೆಸಿಕೊಂಡ. ಲ್ಯೂಸ್‌ನನ್ನು ಮಾಜಾಸ್ ಜೈಲಿನಲ್ಲಿಟ್ಟರು, ಹೊರಬಂದ ಮೇಲೆ ಆತ ಆ ಜೈಲಿನ ಕೋಣೆ, ಗೋಡೆ, ಅಂಗಳಗಳನ್ನೇ ಕಲ್ಲಚ್ಚುಗಳಾಗಿಸಿ ಒಂದು ಮಾಲೆ ತಂದ.

ಫೆನೆಓಂ ಪೂರ್ತಿ ನಿರಪರಾಧಿಯೆಂದು ನಾನು ವಾದಿಸುವುದಿಲ್ಲ. ಆತನ ಮೇಜಿನಲ್ಲಿ ಡಿಟೊನೇಟರುಗಳು (ಬಾಂಬು ಸಿಡಿಸುವ ಸಾಧನಗಳು) ಸಿಕ್ಕಿದ್ದವು. ಆದರೆ ಲ್ಯೂಸ್ ಮಾಡಿದ್ದು ಚಿತ್ರ ಬಿಡಿಸಿದ್ದು ಮಾತ್ರ.

ನೇಸರ

ಚಿತ್ರಕ್ಕಾಗಿಯೇ ಜೈಲು ಕಂಡವನು ಅರಿಸ್ಟೀಡ್ ದೆಲನ್ವಾ. 1908ರಲ್ಲಿ 'ಲೆಝೋಮ್ ದ್ಯು ಝೂರ್' ಪತ್ರಿಕೆಗೆ ಮೊರಾಕೊದಲ್ಲಿ ಫ್ರೆಂಚ್ ಸೇನೆ ನಡೆಸುತ್ತಿದ್ದ ದನರಲ್ ದಾಮಾದ್‌ನನ್ನು ರಕ್ತ ಮೆತ್ತಿದ ಕಸಾಯಿಯಂತೆ ಬಿಡಿಸಿದ್ದಕ್ಕೆ ಒಂದು ವರ್ಷದ ಸೆರೆ ವಿಧಿಸಿದರು. ಮೊದಲೇ ಕ್ಷಯವಿತ್ತು. 1911ರಲ್ಲಿ ತೀರಿಕೊಂಡ. (ಮೇಲೆ 'ಜನರಲ್' ಎಂದು ಓದಿಕೊಳ್ಳಿ, ಬೆರಳು ತಪ್ಪಿದೆ.)

ಕಾಗದದೋಣಿ

'ಲಾಸಿಯೆತ್ ಓ ಬರ್' ಕೂಡ ಇದೇ ಗುಂಪಿನದಲ್ಲವೇ? ಅದರ ಚಿತ್ರಗಳೇ ಎಲ್ಲೆಡೆ ಕಾಣುತ್ತವೆ.

ಹಳೆಪುಸ್ತಕ

1901ರಿಂದ 1912ರವರೆಗೆ ಬಂದ ಆ ವಾರಪತ್ರಿಕೆ ವ್ಯಾಪಾರಕ್ಕೆಂದು ತೆಗೆದದ್ದು, ಅರಾಜಕವಾದಿಗಳು ನಡೆಸಿದ್ದಲ್ಲ. ಆದರೆ ಸ್ಟೈನ್ಲೆನ್, ಕುಪ್ಕಾ, ವಲೊತ್ತೋಂ, ಗ್ರಾಂಜುವಾನ್ ಮುಂತಾದವರಿಗೆ ಇಡೀ ಸಂಚಿಕೆಯನ್ನೇ ಒಪ್ಪಿಸುತ್ತಿದ್ದದ್ದರಿಂದ ಅದರ ಒಡಲಲ್ಲಿ ಆ ಕಿಚ್ಚು ಧಾರಾಳವಾಗಿದೆ. ಕಪ್ಪು ಬೆಕ್ಕಿನ ಪೋಸ್ಟರ್ ಎಲ್ಲರಿಗೂ ಗೊತ್ತು, ಅದನ್ನು ಬಿಡಿಸಿದ ಸ್ಟೈನ್ಲೆನ್ ಇವನೇ.

ಅನುವಾದಕಿ_ಧಾರವಾಡ

ಚರ್ಚೆ ಚಿತ್ರದ ಸುತ್ತಲೇ ತಿರುಗುತ್ತಿದೆ, ಸಾಹಿತ್ಯವನ್ನೂ ತನ್ನಿ. ಗ್ರಾವ್‌ನ ಸಾಹಿತ್ಯ ಪುರವಣಿ ಹೆಸರಾಂತ ಲೇಖಕರ ಬರಹಗಳನ್ನು ವಾರವಾರ ಕಾರ್ಮಿಕರಿಗೆ ಓದಿಸುತ್ತಿತ್ತು. ಇದೊಂದು ದಾರಿ, ದೊಡ್ಡವರ ಸಾಹಿತ್ಯವನ್ನು ಕೆಳಗಿನವರಿಗೆ ತಲುಪಿಸುವುದು. ಇನ್ನೊಂದು ದಾರಿ ನ್ಯೂಯಾರ್ಕಿನ ಯಿಡ್ಡಿಷ್ (ಪೂರ್ವ ಯುರೋಪಿನ ಯೆಹೂದಿಗಳ ಭಾಷೆ) ಪತ್ರಿಕೆ 'ಫ್ರೈಯೆ ಆರ್ಬೆಟರ್ ಶ್ಟಿಮೆ'ಯದು. 1890ರಲ್ಲಿ ಆರಂಭವಾದ ಆ ಪತ್ರಿಕೆಯನ್ನು 1891ರಲ್ಲಿ ಕೆಲಕಾಲ ಸಂಪಾದಿಸಿದ ಡೇವಿಡ್ ಎಡೆಲ್‌ಸ್ಟಾಟ್ ಬಟ್ಟೆ ಹೊಲಿಯುವ ಕಾರ್ಖಾನೆಯಲ್ಲಿ ಗುಂಡಿಮನೆ ಹೊಲಿಯುತ್ತಿದ್ದವನು. ಕ್ಷಯ ಹಿಡಿದು 1892ರಲ್ಲಿ, 26ನೆಯ ವಯಸ್ಸಿಗೆ, ಡೆನ್ವರಿನಲ್ಲಿ ಸತ್ತ. ಅವನ ಪದ್ಯಗಳಿಗೆ ರಾಗ ಕೂಡಿಸಿ ಕಾರ್ಮಿಕರು ಸಭೆಗಳಲ್ಲಿ ಹಾಡಿದರು. ತನ್ನ ಗೋರಿಯ ಬಳಿಗೆ ಕೆಂಪು ಬಾವುಟ ತಂದು ಹಾಡಿರೆಂದು ಗೆಳೆಯರನ್ನು ಕೇಳಿಕೊಳ್ಳುವ ಪದ್ಯ ಅವುಗಳಲ್ಲಿ ಒಂದು. ಬಳ್ಳಾರಿಬಿಸಿಲು ಅವರ ಅಳತೆಗೋಲಿನಲ್ಲಿ ಅದು ಸವೆದ ನಾಣ್ಯವೇ ಇರಬಹುದು. ಆದರೆ ಆ ನಾಣ್ಯ ಸವೆದದ್ದು ಕೈಯಿಂದ ಕೈಗೆ ದಾಟಿ.

ಬಳ್ಳಾರಿಬಿಸಿಲು

ಈ ಮಾತಿಗೆ ನನ್ನ ಬಳಿ ತಕ್ಷಣದ ಉತ್ತರವಿಲ್ಲ. ಹಾಡಿದ ಪದ್ಯಕ್ಕೂ ನೋಡಿದ ಚಿತ್ರಕ್ಕೂ ಒಂದೇ ಅಳತೆ ಹಿಡಿದದ್ದು ನನ್ನ ತಪ್ಪು.

ಗಿಡಮರ

ಲಂಡನ್ನಿನ 'ದಿ ಟಾರ್ಚ್' ಎಂಬ ಅರಾಜಕವಾದಿ ಪತ್ರಿಕೆಯನ್ನು ಯಾರೂ ಹೇಳಲಿಲ್ಲ. ರೊಸೆಟ್ಟಿ ಮನೆತನದ ಒಲಿವಿಯಾ, ಹೆಲೆನ್ ಎಂಬ ಅಕ್ಕತಂಗಿಯರು 1891ರಲ್ಲಿ ಅದನ್ನು ಆರಂಭಿಸಿದಾಗ ಅಕ್ಕನಿಗೆ ಹದಿನಾರು, ತಂಗಿಗೆ ಹನ್ನೆರಡು. ಮನೆಯ ನೆಲಮಾಳಿಗೆಯಲ್ಲೇ ಮುದ್ರಣ.

ಮೊಳೆಜೋಡಣೆ

ಅಮೆರಿಕದಲ್ಲಿ ಅರಾಜಕವಾದಿ ಎಮ್ಮಾ ಗೋಲ್ಡ್‌ಮನ್ 1906ರಿಂದ 1917ರವರೆಗೆ ತಂದ 'ಮದರ್ ಅರ್ತ್' ಪತ್ರಿಕೆಯ ಹೊದಿಕೆಗಳನ್ನೂ ನೋಡಿ. 1914ರಲ್ಲಿ ಯುದ್ಧ ಹೊತ್ತಿದಾಗ ಕಲಾವಿದ ಮ್ಯಾನ್ ರೇ ಅದಕ್ಕೆ ಹೊದಿಕೆ ಬಿಡಿಸಿದ, ಆಗ ಅವನಿನ್ನೂ ಹೆಸರು ಮಾಡಿರಲಿಲ್ಲ.

ಮೇಲುಕೋಟೆದಾರಿ

ನಮ್ಮ ಕಡೆಯ ನಂಟೂ ಒಂದಿದೆ. ಅರಾಜಕವಾದಿ ಬರಹಗಾರ ಎಂ.ಪಿ.ಟಿ. ಆಚಾರ್ಯ ಎಂಬ ಹೆಸರಿನಲ್ಲಿ 'ಎಂ' ಎಂದರೆ ಮಂಡಯಂ. ಮಂಡ್ಯ, ಮೇಲುಕೋಟೆಗಳ ಬೇರಿರುವ ಶ್ರೀವೈಷ್ಣವ ಮನೆತನ, ಹುಟ್ಟಿದ್ದು 1887ರಲ್ಲಿ ಮದರಾಸಿನಲ್ಲಿ. ಪುದುಚೇರಿಯಲ್ಲಿ ಸುಬ್ರಹ್ಮಣ್ಯ ಭಾರತಿಯವರ 'ಇಂಡಿಯಾ' ಪತ್ರಿಕೆಯಲ್ಲಿ ದುಡಿದರು. ವ್ಯಂಗ್ಯಚಿತ್ರಗಳನ್ನು ಅಚ್ಚುಹಾಕುತ್ತಿದ್ದ ಪತ್ರಿಕೆ ಅದು. ಆಮೇಲೆ ಯುರೋಪಿಗೆ ಹೋಗಿ, ತಾಷ್ಕೆಂಟಿನಲ್ಲಿ ಕಮ್ಯುನಿಸ್ಟರ ಜೊತೆಗಿದ್ದು ಮುನಿದು, ಬರ್ಲಿನ್ನಿನಲ್ಲಿ ಅರಾಜಕವಾದಿಯಾಗಿ ಹಲವು ದೇಶಗಳ ಪತ್ರಿಕೆಗಳಿಗೆ ಬರೆದರು. ಪತ್ನಿ ಮಾಗ್ದಾ ನಾಖ್‌ಮನ್ ರಷ್ಯಾದ ಚಿತ್ರಕಲಾವಿದೆ, 1913ರಲ್ಲಿ ಕವಯಿತ್ರಿ ಮರೀನಾ ತ್ಸ್ವೆತಾಯೆವಾ ಅವರ ಭಾವಚಿತ್ರ ಬಿಡಿಸಿದವರು. ಇಬ್ಬರೂ ಕೊನೆಯುಸಿರೆಳೆದದ್ದು ಮುಂಬಯಿಯಲ್ಲಿ, ಆಕೆ 1951ರಲ್ಲಿ, ಅವರು 1954ರಲ್ಲಿ.

ಅನುವಾದಕಿ_ಧಾರವಾಡ

ಈ ವಿಷಯ ನನಗೆ ಹೊಸದು, ಕೃತಜ್ಞತೆಗಳು.

ಈಗ ನನ್ನದೊಂದು ತೊಡಕನ್ನು ನಿಮ್ಮ ಮುಂದಿಡುತ್ತೇನೆ. ಪೂಝೆಯ ಕೆಲವು ಬರಹಗಳನ್ನು ಕನ್ನಡಕ್ಕೆ ತರುತ್ತಿದ್ದೇನೆ. 'ಅರಾಜಕತೆ' ಎಂದರೆ ನಮ್ಮಲ್ಲಿ ದಿನಪತ್ರಿಕೆ ಓದುವವರಿಗೆ ಗಲಭೆ, ಲೂಟಿ ಎಂದೇ ಅರ್ಥ. ಅದನ್ನು ಹೇಗೋ ದಾಟಬಹುದು. ದಾಟಲಾಗದ್ದು ಪೆನಾರ್‌ನ ಬಾಯಿ. ಅವನು ತನ್ನನ್ನು ಕರೆದುಕೊಳ್ಳುವ ಪದ ಬೂಟು ಹೊಲಿಯುವವನಿಗೆ ಬೀದಿಯಲ್ಲಿ ಇದ್ದ ಹಗುರ ಮಾತು. ಅದಕ್ಕೆ ಸಾಟಿಯಾಗಿ ಕನ್ನಡದಲ್ಲಿ ಸಿಗುವ ಪ್ರತಿಯೊಂದು ಪದವೂ ಜಾತಿಯ ಬೈಗುಳ. ಪ್ಯಾರಿಸಿನಲ್ಲಿ ಅದು ಕಸುಬಿನ ಹೆಸರು, ಇಲ್ಲಿ ಅದು ಹುಟ್ಟಿನ ಮೇಲೆ ಹಾಕಿದ ಬರೆ. ಗುಮಾಸ್ತನೊಬ್ಬ ಅಲ್ಲಿ ಆ ಮುಖವಾಡ ಹಾಕಿಕೊಳ್ಳಬಹುದಾಗಿತ್ತು, ನಾನು ಇಲ್ಲಿ ಹಾಕಿಕೊಳ್ಳಲಾರೆ.

ಕೆಂಗೇರಿಕೆರೆ

ಮೇಡಂ, ನಮ್ಮ ತಾತ ಮೆಟ್ಟು ಹೊಲಿದೇ ಮನೆ ನಡೆಸಿದವರು. ಆ ಬೈಗುಳವನ್ನು ದಯವಿಟ್ಟು ಬಳಸಬೇಡಿ. ಕಸುಬನ್ನು ಬಳಸಿ. ಉಳಿ, ರಂಪಿಗೆ, ಅಟ್ಟೆ, ದಾರಕ್ಕೆ ತಿಕ್ಕುವ ಮೇಣ, ಇವೆಲ್ಲ ನಮ್ಮ ಮನೆಯಲ್ಲಿ ದಿನವೂ ಕೇಳಿದ ಮಾತುಗಳು. ಮಾದಾರ ಚೆನ್ನಯ್ಯನ ವಚನಗಳ ಅಂಕಿತದಲ್ಲೇ ಕೈಯುಳಿ, ಕತ್ತಿ, ಅಡಿಗೂಂಟಗಳು ಬರುತ್ತವೆ. ಹತ್ಯಾರುಗಳ ಹೆಸರು ಹಿಡಿದು ಮಾತಾಡುವ ಮುದುಕನಿಗೆ ಬೇರೆ ಗುರುತು ಬೇಕಾಗುವುದಿಲ್ಲ. ತಾತ ಯಾರಾದರೂ ಸುಳ್ಳು ಹೇಳಿದರೆ "ಅಟ್ಟೆ ಹೊಸದು, ಹೊಲಿಗೆ ಹಳೇದು" ಎನ್ನುತ್ತಿದ್ದರು. ನಿಮಗೆ ಬೇಕಾದರೆ ಅವರ ಇಂತಹ ಮಾತುಗಳನ್ನು ಅಮ್ಮನನ್ನು ಕೇಳಿ ಪಟ್ಟಿ ಮಾಡಿ ಕಳಿಸುತ್ತೇನೆ.

ಅನುವಾದಕಿ_ಧಾರವಾಡ

ಖಂಡಿತ ಕಳಿಸಿ. ನಾನು ಮಾಡಿರುವ ಕರಡನ್ನು ತೆಗೆದಿಟ್ಟು ಆ ಮಾತುಗಳಿಂದಲೇ ಮತ್ತೆ ಆರಂಭಿಸುತ್ತೇನೆ. ನಿಮ್ಮ ಅಮ್ಮನಿಗೆ ಓದಿ ತೋರಿಸಿ, ಅವರು ಒಪ್ಪಿದ ಮೇಲೆಯೇ ಮುಂದಿನ ಮಾತು.

ಕಲ್ಲಿನಮೇಲೆ

ಜೊತೆಗೆ ಲ್ಯೂಸ್‌ನ ಗೆರೆಚಿತ್ರ ಒಂದಾದರೂ ಇರಲಿ. ಆತ ತೀರಿಕೊಂಡದ್ದು 1941ರಲ್ಲಿ, ಹಾಗಾಗಿ ಹಕ್ಕುಸ್ವಾಮ್ಯದ ತೊಡಕು ಬಾರದು. ಚಿತ್ರದ ಕೆಳಗಿನ ಸಾಲನ್ನು ಕೈಬರಹದಲ್ಲಿ ಬರೆದುಕೊಡಲು ನಾನು ಸಿದ್ಧ.

ಮೊಳೆಜೋಡಣೆ

ಶೀರ್ಷಿಕೆಯ ಅಕ್ಷರ ನನಗೆ ಬಿಡಿ. ತಂದೆಯ ಕಾಲದ ಮರದ ಮೊಳೆಗಳು ಒಂದು ಪೆಟ್ಟಿಗೆ ಉಳಿದಿವೆ, ಒತ್ತಕ್ಷರ ಕೆಲವು ಕಳೆದುಹೋಗಿವೆ. ಒತ್ತು ಕಡಿಮೆ ಬರುವಂತಹ ಹೆಸರು ಇಟ್ಟರೆ ಈ ಭಾನುವಾರವೇ ಜೋಡಿಸಿ ಒಂದು ಪ್ರತಿ ತೆಗೆದು ಇಲ್ಲಿ ಹಾಕುತ್ತೇನೆ.